ಟಾಟಾ ಇನ್‌ಸ್ಟಿಟ್ಯೂಟ್ ನೋಡದ ಟಾಟಾ

ಯಶವಂತಪುರದಿಂದ ಮೇಖ್ರಿ ಸರ್ಕಲ್ ಕಡೆ ಹೋಗೋ ಬಸ್ಸಲ್ಲಿ ಐಐಎಸ್‌ಸಿಗೆ ಒಂದು ಟಿಕೆಟ್ ಕೊಡಿ ಅಂತ ಕೇಳಿ. ಕಂಡಕ್ಟರ್ ಸ್ವಲ್ಪ ಹಳಬರಾಗಿದ್ದರೆ, ಟಾಟಾ ಇನ್‌ಸ್ಟಿಟ್ಯೂಟಾ ಅಂತ ತಿರುಗಿ ಕೇಳ್ತಾರೆ. ಬೋರ್ಡಿನ ಮೇಲೆ ಆ ಹೆಸರಿಲ್ಲ. ತಮಾಷೆ ಏನಂದ್ರೆ, ಆ ಹೆಸರು ಇಡೋದು ಬೇಡ ಅಂದವರೇ ಟಾಟಾ. ದುಡ್ಡು ತನ್ನದಾದರೂ ಸಂಸ್ಥೆ ದೇಶದ್ದು ಅನ್ನೋದು ಅವರ ನಿಲುವು. ಬೆಂಗಳೂರಿನ ಜನ ಮಾತ್ರ ಅವರ ಮಾತು ಕೇಳಲಿಲ್ಲ.

ಜಮ್‌ಶೇಟ್‌ಜಿ ನುಸರ್ವಾನ್‌ಜಿ ಟಾಟಾ ಹುಟ್ಟಿದ್ದು 1839ರ ಮಾರ್ಚ್ 3ರಂದು, ಗುಜರಾತಿನ ನವಸಾರಿಯಲ್ಲಿ. ಪಾರ್ಸಿ ಪುರೋಹಿತರ ಮನೆತನ. ಅಪ್ಪ ಆ ವೃತ್ತಿ ಬಿಟ್ಟು ಮುಂಬೈಗೆ ಬಂದು ವ್ಯಾಪಾರಕ್ಕಿಳಿದವರು. ಮಗ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ 1858ರಲ್ಲಿ ಹೊರಬಂದು, ಮರುವರ್ಷವೇ ವ್ಯಾಪಾರಕ್ಕೆ ಹಾಂಗ್‌ಕಾಂಗ್‌ಗೆ ಹೋದರು. ಆ ಕಾಲದ ಚೀನಾ ವ್ಯಾಪಾರದಲ್ಲಿ ಹತ್ತಿಯ ಜೊತೆ ಅಫೀಮೂ ಇತ್ತು. ಇದನ್ನ ಮುಚ್ಚಿಟ್ಟು ಅವರ ಕಥೆ ಹೇಳೋದು ಸರಿಯಲ್ಲ.

ಮೊದಲ ದೊಡ್ಡ ಪೆಟ್ಟು ಬಿದ್ದದ್ದು 1865ರಲ್ಲಿ. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರೋದು ನಿಂತು, ಮುಂಬೈ ಹತ್ತಿಗೆ ಚಿನ್ನದ ಬೆಲೆ ಬಂದಿತ್ತು. ಯುದ್ಧ ಮುಗಿದದ್ದೇ ಬೆಲೆ ಕುಸಿಯಿತು, ಊರಿಗೂರೇ ದಿವಾಳಿಯಾಯಿತು. ಜಮ್‌ಶೇಟ್‌ಜಿ ಆಗ ಲಂಡನ್ನಿನಲ್ಲಿದ್ದರು. ಕೈಯಲ್ಲಿದ್ದ ಹುಂಡಿಗಳಿಗೆ ಕಾಗದದ ಬೆಲೆಯೂ ಇಲ್ಲ. ತಪ್ಪಿಸಿಕೊಳ್ಳದೆ ಸಾಲ ಕೊಟ್ಟವರ ಮುಂದೆ ನಿಂತು ಲೆಕ್ಕ ಒಪ್ಪಿಸಿದರು. 1868ರಲ್ಲಿ 21,000 ರೂಪಾಯಿ ಬಂಡವಾಳದಲ್ಲಿ ಮತ್ತೆ ಸ್ವಂತ ಕಂಪನಿ ಶುರು.

1877ರಲ್ಲಿ ನಾಗಪುರದಲ್ಲಿ ಎಂಪ್ರೆಸ್ ಮಿಲ್ ಆರಂಭವಾಯಿತು. ಮುಂಬೈ ಬಿಟ್ಟು ನಾಗಪುರ ಯಾಕೆ? ಹತ್ತಿ ಬೆಳೆಯೋದು ಆ ಸುತ್ತಿನಲ್ಲೇ, ಕಲ್ಲಿದ್ದಲೂ ಹತ್ತಿರ. ಹೊಸದಾಗಿ ಬಂದಿದ್ದ ರಿಂಗ್ ಸ್ಪಿಂಡಲ್‌ಗಳನ್ನ ತರಿಸಿ ಪ್ರಯೋಗ ಮಾಡೋ ಧೈರ್ಯವೂ ಇತ್ತು. ಎಲ್ಲಾ ಕಡೆ ಗೆದ್ದರು ಅಂತಲ್ಲ. ಜಪಾನಿಗೆ ನೂಲು ಸಾಗಿಸಲು ಶುರು ಮಾಡಿದ ಹಡಗಿನ ವ್ಯವಹಾರ, ದೊಡ್ಡ ಇಂಗ್ಲಿಷ್ ಕಂಪನಿ ಬಾಡಿಗೆ ಇಳಿಸಿ ಹೊಡೆದಾಗ ಮುಚ್ಚಿಹೋಯಿತು.

1893ರಲ್ಲಿ ಜಪಾನಿನಿಂದ ವ್ಯಾಂಕೋವರ್‌ಗೆ ಹೋಗೋ ಹಡಗಿನಲ್ಲಿ ಅವರ ಸಹಪ್ರಯಾಣಿಕರು ಷಿಕಾಗೋಗೆ ಹೊರಟಿದ್ದ ಸ್ವಾಮಿ ವಿವೇಕಾನಂದರು. ಐದು ವರ್ಷ ಕಳೆದ ಮೇಲೆ, ತಮ್ಮ ಸಂಶೋಧನಾ ಸಂಸ್ಥೆಯ ಯೋಜನೆಗೆ ಬೆಂಬಲ ಕೋರಿ ಸ್ವಾಮೀಜಿಗೆ ಪತ್ರ ಬರೆದಾಗ ಟಾಟಾ ಆ ಪ್ರಯಾಣವನ್ನ ನೆನಪಿಸಿಕೊಂಡರು.

ಯೋಜನೆ ಸಣ್ಣದಲ್ಲ. ಮುಂಬೈಯಲ್ಲಿದ್ದ ಕಟ್ಟಡ, ಜಮೀನು ಸೇರಿ ಸುಮಾರು 30 ಲಕ್ಷ ರೂಪಾಯಿ ಬೆಲೆಯ ಆಸ್ತಿಯನ್ನ ಬಿಟ್ಟುಕೊಡಲು ಸಿದ್ಧರಾದರು. ಅವರ ಆಪ್ತ ಬುರ್ಜೋರ್ಜಿ ಪಾದಶಾ ಹೊರದೇಶಗಳ ವಿಶ್ವವಿದ್ಯಾಲಯಗಳನ್ನ ಸುತ್ತಿ ನೋಡಿ ಬಂದರು. 1898ರ ಡಿಸೆಂಬರ್ 31ರಂದು, ಹೊಸ ವೈಸರಾಯ್ ಕರ್ಜನ್ ಭಾರತಕ್ಕೆ ಬಂದಿಳಿದ ಮರುದಿನವೇ, ಯೋಜನೆಯ ಕರಡು ಅವರ ಕೈ ಸೇರಿತು.

ಕರ್ಜನ್‌ಗೆ ನಂಬಿಕೆ ಬರಲಿಲ್ಲ. ಇಷ್ಟು ಮೇಲ್ಮಟ್ಟದ ಓದಿಗೆ ಭಾರತದಲ್ಲಿ ವಿದ್ಯಾರ್ಥಿಗಳು ಸಿಗ್ತಾರಾ? ಓದಿ ಹೊರಬಂದವರಿಗೆ ಕೆಲಸ ಎಲ್ಲಿದೆ? (ಎರಡನೇ ಪ್ರಶ್ನೆ ನಮ್ಮ ಹಾಸ್ಟೆಲ್‌ಗಳಲ್ಲಿ ಇವತ್ತಿಗೂ ಪ್ಲೇಸ್‌ಮೆಂಟ್ ಸೀಸನ್‌ನಲ್ಲಿ ಓಡಾಡ್ತಾ ಇರುತ್ತೆ.) ಲಂಡನ್ನಿನಿಂದ ಬಂದ ರಸಾಯನಶಾಸ್ತ್ರಜ್ಞ ವಿಲಿಯಂ ರಾಮ್ಸೆ ದೇಶ ಸುತ್ತಿ ಬೆಂಗಳೂರೇ ತಕ್ಕ ಜಾಗ ಅಂದರು. ಆದರೂ ಸರ್ಕಾರಕ್ಕೆ ಸಮಾಧಾನವಿಲ್ಲ. ಮೆಲ್ಬರ್ನಿನ ಮ್ಯಾಸನ್, ರೂರ್ಕಿ ಎಂಜಿನಿಯರಿಂಗ್ ಕಾಲೇಜಿನ ಕ್ಲಿಬ್ಬರ್ನ್ ಇಬ್ಬರ ಇನ್ನೊಂದು ಸಮಿತಿ ಕೂತಿತು. ಫೈಲು ಓಡಾಡಿತು, ವರ್ಷಗಳು ಉರುಳಿದವು.

ಬೆಂಗಳೂರು ಅವರಿಗೆ ಹೊಸ ಊರೇನಲ್ಲ. ಜಪಾನಿನ ತಜ್ಞರನ್ನ ಕರೆಸಿ ಬಸವನಗುಡಿ ಕಡೆ ರೇಷ್ಮೆ ತೋಟ ಮಾಡಿಸಿದ್ದರು. ಟಾಟಾ ಸಿಲ್ಕ್ ಫಾರ್ಮ್ ಅನ್ನೋ ಹೆಸರು ಇನ್ನೂ ಅಲ್ಲಿ ಉಳಿದಿದೆ. ಹವೆ ತಂಪು ಅನ್ನೋದರ ಜೊತೆಗೆ, ಮೈಸೂರು ಸಂಸ್ಥಾನ ಕೈ ಚಾಚಿ ಬಂದದ್ದು ಮುಖ್ಯ. ದಿವಾನ್ ಶೇಷಾದ್ರಿ ಅಯ್ಯರ್ ಮೊದಲಿನಿಂದಲೂ ಯೋಜನೆಯ ಪರವಾಗಿದ್ದರು. ಬ್ರಿಟಿಷರು ಲೆಕ್ಕ ಹಾಕ್ತಾ ಕೂತಿದ್ದಾಗ ಸಂಸ್ಥಾನ ಜಾಗ ಕೊಡ್ತೀವಿ ಅಂದಿತು.

ಜಮ್‌ಶೇಟ್‌ಜಿ ಕಾದರು. ಮುಂಬೈಯಲ್ಲಿ ತಾಜ್ ಹೋಟೆಲ್ 1903ರ ಡಿಸೆಂಬರಿನಲ್ಲಿ ತೆರೆಯಿತು. ಉಕ್ಕಿನ ಕಾರ್ಖಾನೆ, ಜಲವಿದ್ಯುತ್, ಈ ಸಂಸ್ಥೆ ಮೂರೂ ಇನ್ನೂ ಕಾಗದದ ಮೇಲೇ ಇದ್ದಾಗ, 1904ರ ಮೇ 19ರಂದು ಜರ್ಮನಿಯ ಬಾದ್ ನೌಹೈಮ್‌ನಲ್ಲಿ ತೀರಿಕೊಂಡರು. 65 ವರ್ಷ. ಸಂಸ್ಥೆಗೆ ಸರ್ಕಾರದ ಒಪ್ಪಿಗೆ ಸಿಗುತ್ತೋ ಇಲ್ಲವೋ ಅನ್ನೋದೂ ಅವರಿಗೆ ತಿಳಿಯಲಿಲ್ಲ.

ನನಗೆ ಅಚ್ಚರಿ ಅನ್ನಿಸೋದು ಇಲ್ಲಿಂದ ಮುಂದಿನ ಭಾಗ. ಅಪ್ಪ ಸತ್ತ ಮೇಲೆ 30 ಲಕ್ಷದ ಆಸ್ತಿ ಮನೆಯಲ್ಲೇ ಉಳಿಸಿಕೊಳ್ಳೋದು ಎಷ್ಟು ಸುಲಭ ಇತ್ತು! ಮಕ್ಕಳಾದ ದೊರಾಬ್ಜಿ, ರತನ್‌ಜಿ ಹಾಗೆ ಮಾಡಲಿಲ್ಲ. 1907ರಲ್ಲಿ ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು. 1909ರ ಮೇ 27ರಂದು ಸರ್ಕಾರದ ಆದೇಶ ಹೊರಟಿತು. 1911ರ ಫೆಬ್ರವರಿ 1ರಂದು ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದರು, ಅದೇ ಜುಲೈನಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು. ಕಲಿಸಲು ಶುರುವಾದ ವಿಭಾಗಗಳಲ್ಲಿ ಕೆಮಿಸ್ಟ್ರಿ ಜೊತೆ ಎಲೆಕ್ಟ್ರಿಕಲ್ ಟೆಕ್ನಾಲಜಿಯೂ ಇತ್ತು. ಇಇ ಬ್ರಾಂಚಿನವರು ಕಾಲರ್ ಎತ್ತಿಕೊಳ್ಳಬಹುದು.

ಕೆಲಸ ಎಲ್ಲಿದೆ ಅಂದಿದ್ದ ಕರ್ಜನ್‌ಗೆ ಉತ್ತರ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಮೊದಲ ಮಹಾಯುದ್ಧದಲ್ಲಿ ಮೈಸೂರಿನ ಗಂಧದ ಮರ ಜರ್ಮನಿಗೆ ಹೋಗೋದು ನಿಂತಾಗ, ಇದೇ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಇಲ್ಲೇ ಎಣ್ಣೆ ತೆಗೆಯೋ ವಿಧಾನ ಸಿದ್ಧಮಾಡಿದರು. 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ ಬಂತು, ಹಿಂದೆಯೇ ಮೈಸೂರ್ ಸ್ಯಾಂಡಲ್ ಸೋಪು. 1940ರಲ್ಲಿ ಊರಿಗೆ ವಿಮಾನ ಕಾರ್ಖಾನೆ ಬಂದರೆ, ಎರಡು ವರ್ಷಕ್ಕೆ ಇಲ್ಲಿ ಏರೋನಾಟಿಕಲ್ ವಿಭಾಗ.

ಓಪನ್ ಡೇಗೆ ಹೋದಾಗ ಲ್ಯಾಬುಗಳ ಕ್ಯೂ ನೋಡಿ ಸುಸ್ತಾದರೆ ಮೇನ್ ಬಿಲ್ಡಿಂಗ್ ಮುಂದೆ ಸ್ವಲ್ಪ ಹೊತ್ತು ಕೂತ್ಕೊಳ್ಳಿ. ಗಿಲ್ಬರ್ಟ್ ಬೇಯ್ಸ್ ಮಾಡಿದ ಜಮ್‌ಶೇಟ್‌ಜಿ ಪ್ರತಿಮೆ ಅಲ್ಲೇ ಇದೆ. ಕೈಯಲ್ಲಿ ಏನು ಹಿಡ್ಕೊಂಡಿದ್ದಾರೆ ಅಂತ ಹತ್ತಿರ ಹೋಗಿ ನೋಡಿ: ಸಂಸ್ಥೆಯ ಒಂದು ಪುಟ್ಟ ಮಾದರಿ.