ಪ್ರಯೋಗಾಲಯ ಬದಲಿಸಲೇ, ಬೇಡವೇ? – ಕಮಲಾ ಸೊಹೊನಿಯವರ ಬದುಕು



ನಮ್ಮ ಮೈಸೂರಿನ ಚಾಮರಾಜಪುರಂ ಸುತ್ತಮುತ್ತ ವಿದ್ಯಾರ್ಥಿಗಳಿಗೆ ಕೊರತೆಯಿಲ್ಲ. ಒಂದು ಕಡೆ ಯುವರಾಜ ಕಾಲೇಜು, ಇನ್ನೊಂದು ಕಡೆ ಮಾನಸಗಂಗೋತ್ರಿ. ನಿಮ್ಮ ಮಗನೋ ಮಗಳೋ ವಿಜ್ಞಾನ ಓದಿ ಸಂಶೋಧನೆಗೆ ಸೇರಿರಬಹುದು. ಒಂದು ಸಂಜೆ ಮನೆಗೆ ಬಂದು, ಇಲ್ಲಿ ನನಗೆ ಸರಿಹೋಗುತ್ತಿಲ್ಲ, ಬೇರೆ ಪ್ರಯೋಗಾಲಯಕ್ಕೆ ಹೋಗಲೇ ಎಂದು ಕೇಳಿದರೆ ಏನು ಹೇಳುವಿರಿ? ಸಹಿಸಿಕೋ ಎನ್ನುವುದು ಸುಲಭ. ಬಿಟ್ಟು ಬಾ ಎನ್ನುವುದೂ ಸುಲಭ. ಉತ್ತರ ಕೊಡುವ ಮೊದಲು ಕಮಲಾ ಸೊಹೊನಿಯವರ ಬದುಕನ್ನು ಸ್ವಲ್ಪ ನೋಡೋಣ. ಅವರು ನಮ್ಮ ಧರ್ಮಸಭೆಯವರಲ್ಲ. ಆದರೆ ಅವರ ಬದುಕಿನಿಂದ ನಾವು ಕಲಿಯಬೇಕಾದದ್ದು ಬಹಳವಿದೆ.

ಕಮಲಾ ಭಾಗವತ್ ಹುಟ್ಟಿದ್ದು 1911ರಲ್ಲಿ, ಇಂದೋರಿನಲ್ಲಿ. ತಂದೆಯೂ ಚಿಕ್ಕಪ್ಪನೂ ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಯಲ್ಲಿ ರಸಾಯನಶಾಸ್ತ್ರ ಕಲಿತವರು. 1933ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದಿಂದ ಪದವಿ ಪಡೆದ ಕಮಲಾ ಅದೇ ಸಂಸ್ಥೆಗೆ ಅರ್ಜಿ ಹಾಕಿದರು. ಆಗ ಅಲ್ಲಿ ನಿರ್ದೇಶಕರಾಗಿದ್ದವರು ನೊಬೆಲ್ ಪುರಸ್ಕೃತ ಸರ್ ಸಿ.ವಿ. ರಾಮನ್. ಅಂಕಗಳು ಚೆನ್ನಾಗಿದ್ದರೂ, ಹೆಣ್ಣು ಎಂಬ ಒಂದೇ ಕಾರಣಕ್ಕೆ ಅವರು ಅರ್ಜಿಯನ್ನು ತಿರಸ್ಕರಿಸಿದರು.

ಕಮಲಾ ಬೇರೆ ಊರು ಹುಡುಕಿಕೊಂಡು ಹೋಗಲಿಲ್ಲ. ನೇರವಾಗಿ ಹೋಗಿ ನ್ಯಾಯ ಕೇಳಿದರು, ಪಟ್ಟು ಬಿಡಲಿಲ್ಲ. ಕೊನೆಗೆ ಪ್ರವೇಶ ಸಿಕ್ಕಿತು, ಆದರೆ ಷರತ್ತುಗಳೊಡನೆ. ಮೊದಲ ಒಂದು ವರ್ಷ ಪರೀಕ್ಷಾರ್ಥವಾಗಿ ಮಾತ್ರ. ಕೆಲಸ ತೃಪ್ತಿಕರವಾದರೆ ಮಾತ್ರ ಪೂರ್ಣ ಮಾನ್ಯತೆ. ಆ ಮಾತು ಅವರನ್ನು ಬಹಳ ನೋಯಿಸಿತು. ಮುಪ್ಪಿನಲ್ಲಿಯೂ ಆ ನೋವನ್ನು ಅವರು ಮುಚ್ಚಿಡಲಿಲ್ಲ. ಆದರೂ ಅಲ್ಲೇ ಉಳಿದರು. ಏಕೆಂದರೆ ಮಾರ್ಗದರ್ಶಕರಾದ ಶ್ರೀನಿವಾಸಯ್ಯನವರು ಕಟ್ಟುನಿಟ್ಟಿನವರಾದರೂ ಕೆಲಸ ಕಲಿಸುವವರಾಗಿದ್ದರು. ಹಾಲು, ಬೇಳೆಕಾಳುಗಳಲ್ಲಿರುವ ಪ್ರೋಟೀನುಗಳನ್ನು ಕಮಲಾ ಅವರ ಕೈಕೆಳಗೆ ಅಭ್ಯಾಸ ಮಾಡಿದರು. ಬಡವರ ತಟ್ಟೆಯ ಊಟಕ್ಕೆ ಸಂಬಂಧಿಸಿದ ವಿಷಯ ಅದು. 1936ರಲ್ಲಿ ಉನ್ನತ ಶ್ರೇಣಿಯಲ್ಲಿ ಎಂ.ಎಸ್ಸಿ. ಮುಗಿಸಿದರು. ಅವರ ಶ್ರದ್ಧೆಯನ್ನು ಕಂಡ ರಾಮನ್ ಬಳಿಕ ಇತರ ಹೆಣ್ಣುಮಕ್ಕಳಿಗೂ ಸಂಸ್ಥೆಯ ಬಾಗಿಲು ತೆರೆದರು.

ಮುಂದೆ ಅವರು ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋದರು. ಮೊದಲು ಡೆರೆಕ್ ರಿಕ್ಟರ್ ಎಂಬ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಒಂದು ಮೇಜು ದೊರೆಯಿತು. ಸ್ವಲ್ಪ ಕಾಲದಲ್ಲೇ ರಿಕ್ಟರ್ ಬೇರೆಡೆಗೆ ಹೊರಟುಹೋದರು. ಈಗ ಕಮಲಾ ತಡಮಾಡಲಿಲ್ಲ. ಅದೇ ಬಗೆಯ ಕೆಲಸವನ್ನು ಸಸ್ಯಗಳ ಮೇಲೆ ನಡೆಸುತ್ತಿದ್ದ ರಾಬಿನ್ ಹಿಲ್ ಅವರ ಪ್ರಯೋಗಾಲಯಕ್ಕೆ ಸೇರಿಕೊಂಡರು. ಅಲ್ಲಿ ಆಲೂಗಡ್ಡೆಯ ಮೇಲೆ ಪ್ರಯೋಗ ಮಾಡುತ್ತಾ, ಜೀವಕೋಶಗಳ ಉಸಿರಾಟಕ್ಕೆ ಬೇಕಾದ ಸೈಟೋಕ್ರೋಮ್ ಸಿ ಎಂಬ ವಸ್ತು ಸಸ್ಯಗಳಲ್ಲಿಯೂ ಇದೆ ಎಂದು ಕಂಡುಹಿಡಿದರು. 1939ರಲ್ಲಿ ಪಿಎಚ್.ಡಿ. ಪದವಿ ಬಂತು. ಅವರು ಬರೆದ ಪ್ರಬಂಧ ಸುಮಾರು 40 ಪುಟಗಳದ್ದು ಮಾತ್ರ!

ಅದೇ ವರ್ಷ ತಾಯ್ನಾಡಿಗೆ ಮರಳಿ ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ, ನಂತರ ಕೂನೂರಿನ ಪೌಷ್ಟಿಕ ಆಹಾರ ಸಂಶೋಧನಾಲಯದಲ್ಲಿ ದುಡಿದರು. 1947ರಲ್ಲಿ ಎಂ.ವಿ. ಸೊಹೊನಿಯವರನ್ನು ಮದುವೆಯಾಗಿ ಮುಂಬಯಿಯಲ್ಲಿ ನೆಲೆಸಿದರು. ನೀರಾ ಎಂಬ ತಾಳೆಯ ಸಿಹಿರಸದ ಪೌಷ್ಟಿಕ ಗುಣವನ್ನು ಕುರಿತ ಅವರ ಸಂಶೋಧನೆಗೆ ರಾಷ್ಟ್ರಪತಿ ಪ್ರಶಸ್ತಿ ಸಂದಿತು. 1998ರಲ್ಲಿ ತೀರಿಕೊಂಡರು.

ಓದುಗರೇ, ಗಮನಿಸಿದಿರಾ? ಬೆಂಗಳೂರಿನಲ್ಲಿ ಮನಸ್ಸು ನೊಂದಿತ್ತು, ಆದರೆ ಕೆಲಸ ಬೆಳೆಯುತ್ತಿತ್ತು, ಉಳಿದರು. ಕೇಂಬ್ರಿಜ್‌ನಲ್ಲಿ ಯಾರ ಮೇಲೂ ಮುನಿಸಿರಲಿಲ್ಲ, ಆದರೆ ಕೆಲಸ ಮುಂದುವರಿಯಲು ಬೇರೆ ಜಾಗ ಬೇಕಿತ್ತು, ಹೋದರು. ಎರಡು ಕಡೆಯೂ ಅವರು ನೋಡಿದ್ದು ಕೈಗೆತ್ತಿಕೊಂಡ ಕೆಲಸವನ್ನು.

ಸಂತ ಲೊಯೋಲಾದ ಇಗ್ನಾಸಿಯವರೂ ಇಂಥದೇ ಬುದ್ಧಿಮಾತು ಹೇಳಿದ್ದಾರೆ. ಮನಸ್ಸು ಕದಡಿ ಕತ್ತಲು ಕವಿದಿರುವಾಗ, ಶಾಂತಿಯಲ್ಲಿದ್ದಾಗ ಕೈಗೊಂಡ ನಿರ್ಧಾರವನ್ನು ಬದಲಿಸಬಾರದು. ಬಿರುಗಾಳಿ ತಗ್ಗಲಿ, ಆಮೇಲೆ ದೇವರ ಚಿತ್ತವನ್ನು ಹುಡುಕಬಹುದು. ಹಾಗೆಂದು ಅನ್ಯಾಯವನ್ನು ಬಾಯಿಮುಚ್ಚಿ ಸಹಿಸಬೇಕೆಂದು ಇದರ ಅರ್ಥವಲ್ಲ. ಕಮಲಾ ಕೂಡ ನ್ಯಾಯ ಕೇಳಿಯೇ ಒಳಗೆ ಹೋದವರು. ಮಾನಕ್ಕೆ ಕುಂದು ಬರುವ ಜಾಗವನ್ನು ಬಿಟ್ಟು ಬರುವುದು ಪಾಪವೂ ಅಲ್ಲ, ಸೋಲೂ ಅಲ್ಲ.

ಆದುದರಿಂದ ತಂದೆತಾಯಂದಿರೇ, ಮಗಳು ಕೇಳಿದಾಗ ಕೂಡಲೇ ತೀರ್ಪು ಕೊಡಬೇಡಿ. ಮೊದಲು ಪೂರ್ತಿ ಕೇಳಿಸಿಕೊಳ್ಳಿ. ಇಲ್ಲಿ ನೀನು ಕಲಿಯುತ್ತಿದ್ದೀಯಾ, ಅಲ್ಲಿಗೆ ಹೋದರೆ ಏನು ಕಲಿಯುವೆ ಎಂದು ವಿಚಾರಿಸಿ. ತಿಳಿದ ಹಿರಿಯರೊಬ್ಬರ ಸಲಹೆ ಪಡೆಯಲಿ. ಪರಮಪ್ರಸಾದದ ಮುಂದೆ ಸ್ವಲ್ಪ ಹೊತ್ತು ಮೌನವಾಗಿ ಕುಳಿತುಕೊಳ್ಳಲಿ. ಯಜಮಾನ ಕೊಟ್ಟ ಹಣವನ್ನು ನೆಲದಲ್ಲಿ ಹೂತಿಟ್ಟ ಆಳಿನ ಸಾಮತಿ ನಮಗೆಲ್ಲ ಗೊತ್ತಿದೆಯಲ್ಲವೇ? ದೇವರು ಕೊಟ್ಟ ಪ್ರತಿಭೆ ಯಾವ ಮಣ್ಣಿನಲ್ಲಿ ಫಲ ಕೊಡುವುದೋ ಆ ದಾರಿಯನ್ನು ಪ್ರಭುವೇ ನಮ್ಮ ಮಕ್ಕಳಿಗೆ ತೋರಿಸಲಿ.