ಪರೀಕ್ಷೆ ಬರೆದು ಅಧಿಕಾರಿಯಾದ ಮಾಸ್ತಿ

ನಮ್ಮಕ್ಕ ಕೆ.ಪಿ.ಎಸ್.ಸಿ. ಪರೀಕ್ಷೆಗೆ ಅರ್ಜಿ ಹಾಕಿದ್ದಾಳೆ. ವಶೀಲಿ ಇಲ್ಲದೆ ಸರ್ಕಾರಿ ಕೆಲಸ ಸಿಗುತ್ತಾ ಅಂತ ಅಮ್ಮನಿಗೆ ಚಿಂತೆ. ಆಗ ನನಗೆ ನೆನಪಾದವರು ಮಾಸ್ತಿ ವೆಂಕಟೇಶ ಅಯ್ಯಂಗಾರ್.

1891ರಲ್ಲಿ ಕೋಲಾರ ಜಿಲ್ಲೆಯ ಹೊಸಹಳ್ಳಿಯಲ್ಲಿ ಹುಟ್ಟಿದ ಇವರು ಬಡತನದಲ್ಲೇ ಓದಿದರು. ಮೈಸೂರು ಸಿವಿಲ್ ಸರ್ವೀಸ್ ಪರೀಕ್ಷೆ ಪಾಸು ಮಾಡಿ ಅಸಿಸ್ಟೆಂಟ್ ಕಮಿಷನರ್ ಆದರು. ಮುಂದೆ ದೊಡ್ಡ ಹುದ್ದೆಗಳಿಗೂ ಏರಿದರು. ಆದರೆ ತಮಗಿಂತ ಕಿರಿಯರಿಗೆ ಬಡ್ತಿ ಕೊಟ್ಟಾಗ, 1943ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ಬರೆಯೋದನ್ನು ಮಾತ್ರ ಬಿಡಲಿಲ್ಲ. 'ಚಿಕವೀರ ರಾಜೇಂದ್ರ' ಕಾದಂಬರಿಗೆ 1983ರ ಜ್ಞಾನಪೀಠ ಬಂತು. 1986ರಲ್ಲಿ ತೀರಿಕೊಂಡರು. ಅವರಿದ್ದ ಮನೆ ಬೆಂಗಳೂರಿನ ಗವಿಪುರದಲ್ಲಿದೆ. ನಮ್ಮ ಕೋಣನಕುಂಟೆಗೆ ದೂರವೇನಲ್ಲ.

ಓದಿ ಗಳಿಸಿದ ಕೆಲಸವನ್ನು ಮಾನಕ್ಕಾಗಿ ಬಿಡೋ ಧೈರ್ಯವೂ ಅವರಿಗಿತ್ತು. ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಅಮ್ಮ ಏನೂ ಮಾತಾಡಲಿಲ್ಲ. ಅಕ್ಕನ ಪುಸ್ತಕದ ಹತ್ತಿರ ದೀಪ ಸರಿಸಿಟ್ಟರು.