ಲಿಂಕರ್‌ಗೆ ದಾರಿ ಮಾಡಿದ ಗ್ರೇಸ್ ಹಾಪರ್

ಲ್ಯಾಬಿನಲ್ಲಿ ಅನ್‌ಡಿಫೈನ್ಡ್ ರೆಫರೆನ್ಸ್ ಎರರ್ ಬಂದರೆ ಲಿಂಕರನ್ನು ಬೈತೀವಲ್ಲ, ಅದೇ ಇಲ್ಲದ ಕಾಲ ಹೇಗಿತ್ತು ಗೊತ್ತಾ?

ಗ್ರೇಸ್ ಹಾಪರ್ ಹುಟ್ಟಿದ್ದು 1906ರಲ್ಲಿ, ನ್ಯೂಯಾರ್ಕ್‌ನಲ್ಲಿ. ಗಣಿತ ಪಾಠ ಮಾಡ್ತಿದ್ದವರು ಯುದ್ಧಕಾಲದಲ್ಲಿ ನೌಕಾಪಡೆ ಸೇರಿ, 1944ರಲ್ಲಿ ಹಾರ್ವರ್ಡ್‌ನ ಮಾರ್ಕ್-1 ಯಂತ್ರಕ್ಕೆ ಬಂದರು. ಆಗ ಒಬ್ಬರ ನೋಟ್‌ಬುಕ್ಕಿನ ಕೋಡನ್ನು ಇನ್ನೊಬ್ಬರು ಕೈಯಲ್ಲೇ ನಕಲು ಮಾಡಬೇಕಿತ್ತು. ಒಂದಂಕಿ ತಪ್ಪಿದರೂ ಲೆಕ್ಕವೆಲ್ಲ ಹಾಳು.

1952ರ ಹೊತ್ತಿಗೆ ಯೂನಿವ್ಯಾಕ್‌ಗಾಗಿ ಎ-0 ಸಿದ್ಧಪಡಿಸಿದರು. ಟೇಪಿನಲ್ಲಿದ್ದ ಸಬ್‌ರುಟೀನಿನ ನಂಬರ್ ಕೊಟ್ಟರೆ ಸಾಕು; ಯಂತ್ರವೇ ಹುಡುಕಿ, ಮೆಮೊರಿ ಅಡ್ರೆಸ್ ಸರಿಪಡಿಸಿ ಜೋಡಿಸುತ್ತಿತ್ತು. ಯಂತ್ರ ಲೆಕ್ಕವಷ್ಟೇ ಮಾಡೀತು ಅಂತ ಹಲವರು ನಂಬಲೇ ಇಲ್ಲ. ಹಾಪರ್ ಬಿಡಲಿಲ್ಲ. ಅವರ ವಿಚಾರದಿಂದ ಬೆಳೆದ ಕೋಬಾಲ್‌ನ ಒಂದೇ ಪ್ರೋಗ್ರಾಂ 1960ರ ಡಿಸೆಂಬರಿನಲ್ಲಿ ಎರಡು ಕಂಪನಿಗಳ ಯಂತ್ರಗಳಲ್ಲಿ, ಅಲ್ಪಸ್ವಲ್ಪ ಬದಲಾವಣೆಯಿಂದಲೇ ಓಡಿತು.

1992ರ ಜನವರಿ 1ರಂದು ತೀರಿಕೊಂಡರು. ಮುಂದಿನ ಸಲ ಲೈಬ್ರರಿ ಸಿಗದೆ ಪ್ರೋಗ್ರಾಂ ನಿಂತರೆ ಬೈಯೋ ಮೊದಲು ಎರರ್ ಪೂರ್ತಿ ಓದಿ. ಯಾವ ಹೆಸರು ಸಿಕ್ಕಿಲ್ಲ ಅಂತ ಅದೇ ಹೇಳುತ್ತೆ.